ಜಯಗಡದಲ್ಲಿ ಕಾರನ್ನು ದೋಣಿಗೇರಿಸಿ ಗುಹಾಗರಕ್ಕೆ ಹೋಗುವುದು ಸರಿಯೇ?

ಬೆಳಗಾವಿಯ ಓದುಗ (ಪ್ರಶ್ನೆ)

ಮುಂದಿನ ಸಂಕಷ್ಟಿಗೆ ಎಪ್ಪತ್ನಾಲ್ಕು ವರ್ಷದ ತಾಯಿಯವರನ್ನು ಗಣಪತಿಪುಳೆಗೆ ಕರೆದೊಯ್ದು, ಮರುದಿನ ಅಲ್ಲಿಂದ ಗುಹಾಗರಕ್ಕೆ ಹೋಗಿ ಎರಡು ರಾತ್ರಿ ಸಮುದ್ರತೀರದಲ್ಲಿ ಉಳಿಯಬೇಕೆಂದಿದ್ದೇವೆ. ಬೆಳಗಾವಿಯಿಂದ ಕೊಲ್ಹಾಪುರ, ಅಂಬಾ ಘಾಟಿ, ರತ್ನಾಗಿರಿ ಮಾರ್ಗವಾಗಿ ಗಣಪತಿಪುಳೆಯವರೆಗಿನ ದಾರಿ ನನಗೆ ಚೆನ್ನಾಗಿ ಗೊತ್ತು. ತಿಳಿಯದಿರುವುದು ಅದರ ಮುಂದಿನದು. ನಕ್ಷೆಯಲ್ಲಿ ಗುಹಾಗರ ಕೂಗಳತೆಯಲ್ಲಿ ಇರುವಂತೆ ಕಾಣುತ್ತದೆಯಾದರೂ ನಡುವೆ ಶಾಸ್ತ್ರಿ ನದಿಯ ಖಾರಿ (ನದಿ ಸಮುದ್ರ ಸೇರುವಲ್ಲಿನ ಹಿನ್ನೀರು) ಅಡ್ಡ ಬರುತ್ತದೆ. ಜಯಗಡದಿಂದ ತವಸಾಳಕ್ಕೆ ಕಾರುಗಳನ್ನು ಸಾಗಿಸುವ ದೋಣಿ ಇದೆಯೆಂದು ಕೇಳಿದ್ದೇನೆ. ನನ್ನದು ನೆಲಕ್ಕೆ ತೀರಾ ತಗ್ಗಾಗಿರುವ ಸೆಡಾನ್ ಕಾರು. ಅದನ್ನು ದೋಣಿಗೆ ಹತ್ತಿಸುವಾಗ ತಳ ಉಜ್ಜುವುದಿಲ್ಲವೇ, ವಯಸ್ಸಾದವರಿಗೆ ತೊಂದರೆಯಾಗುವುದಿಲ್ಲವೇ, ಅಥವಾ ಚಿಪಳೂಣ ಸುತ್ತಿ ರಸ್ತೆಯಲ್ಲೇ ಹೋಗುವುದು ಜಾಣತನವೇ? ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ರತ್ನಾಗಿರಿಯಲ್ಲಿ ಆರು ವರ್ಷ ಇದ್ದವನು

ನೌಕರಿಯ ನಿಮಿತ್ತ ಆ ಭಾಗದಲ್ಲಿದ್ದಾಗ ಈ ಖಾರಿಯನ್ನು ಹತ್ತಾರು ಬಾರಿ ದಾಟಿದ್ದೇನೆ. ಸಂಶಯವಿಲ್ಲದೆ ದೋಣಿಯಲ್ಲೇ ಹೋಗಿ. ಗಣಪತಿಪುಳೆಯಿಂದ ಜಯಗಡ ಸುಮಾರು 20 ಕಿಲೋಮೀಟರು, ಆಚೆ ದಡದ ತವಸಾಳದಿಂದ ಹೇದವಿ, ವೇಳಣೇಶ್ವರಗಳ ಮೂಲಕ ಗುಹಾಗರ 40ರ ಆಸುಪಾಸು. ಚಿಪಳೂಣ ಸುತ್ತಿದರೆ ನೂರಕ್ಕೂ ಮೀರಿದ ದಾರಿ, ಅದರಲ್ಲೂ ಹೆದ್ದಾರಿಯ ಲಾರಿಗಳ ಹಿಂದೆ. ನೀರಿನ ಮೇಲಿನ ಪ್ರಯಾಣ ಕೆಲವೇ ನಿಮಿಷಗಳದ್ದು, ಖಾರಿಯ ಒಳಗೆ ಸಮುದ್ರದ ಏರಿಳಿತವೂ ಅಷ್ಟಾಗಿ ತಟ್ಟುವುದಿಲ್ಲ. ನಿಮ್ಮ ತಾಯಿಯವರಿಗೆ ಅಂಬಾ ಘಾಟಿಯ ತಿರುವುಗಳು ಕೊಡುವ ತ್ರಾಸದ ಕಾಲುಭಾಗವೂ ಇಲ್ಲಿರದು.

ಚೀಟಿಯನ್ನು ಧಕ್ಕೆಯಲ್ಲೇ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲೇ, ಕೊಡುತ್ತಾರೆ. ವಾಹನಕ್ಕೆ ಒಂದು ದರ, ಒಳಗಿರುವವರಿಗೆ ತಲೆಗೆ ಇಷ್ಟೆಂದು ಬೇರೆ ದರ. ಚಿಲ್ಲರೆ ಹಣ ಕೈಯಲ್ಲಿರಲಿ, ಏಕೆಂದರೆ ಧಕ್ಕೆಗಳಲ್ಲಿ ಮೊಬೈಲ್ ಸಂಪರ್ಕವನ್ನು ನಂಬಿ ಕೂರುವ ಹಾಗಿಲ್ಲ. ಸಂಜೆಯ ಕೊನೆಯ ದೋಣಿಯ ಸಮಯವನ್ನು ಮಾತ್ರ ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿಕೊಳ್ಳಿ. ದಾಟುವ ಮುನ್ನ ಅರ್ಧ ಗಂಟೆ ಬಿಡುವಿದ್ದರೆ ಖಾರಿಯ ಬಾಯಲ್ಲಿರುವ ಜಯಗಡ ಕೋಟೆಯನ್ನು ನೋಡಬಹುದು. ನಮ್ಮ ವಿಜಯಪುರದ ಆದಿಲಶಾಹಿಗಳ ಕಾಲದ ಕೋಟೆ ಅದು. ಘಟ್ಟದ ಮೇಲೆ ಕುಳಿತು ಆಳಿದವರಿಗೂ ಈ ಬಂದರುಗಳ ಮೇಲೆ ಎಷ್ಟು ಕಣ್ಣಿತ್ತೆಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಅಘನಾಶಿನಿ ದಂಡೆಯವಳು

ಹಿಂದಿನವರು ಹೇಳಿದ್ದೆಲ್ಲ ನಿಜ, ಆದರೆ ತಗ್ಗಿನ ಕಾರಿನ ವಿಷಯಕ್ಕೆ ಅವರು ಉತ್ತರಿಸಲಿಲ್ಲ. ತಳ ಉಜ್ಜುವುದು ಬಿಡುವುದು ದೋಣಿಯ ಕೈಯಲ್ಲಿಲ್ಲ, ನೀರಿನ ಮಟ್ಟದ ಕೈಯಲ್ಲಿದೆ. ಭರತಿಯಿದ್ದಾಗ, ಅಂದರೆ ಸಮುದ್ರದ ನೀರು ಏರಿದಾಗ, ದೋಣಿಯ ಮುಂದಿನ ಕಬ್ಬಿಣದ ಹಲಗೆ ಧಕ್ಕೆಯ ಇಳಿಜಾರಿನ ಮೇಲೆ ಹೆಚ್ಚುಕಡಿಮೆ ಸಮವಾಗಿ ಕೂರುತ್ತದೆ. ಇಳಿತದಲ್ಲಿ ಕಾರು ಇಳಿಜಾರಿನ ತುದಿಯವರೆಗೆ ಇಳಿದು, ಅಲ್ಲಿಂದ ಹಲಗೆಯನ್ನು ಏರಬೇಕಾಗುತ್ತದೆ. ಈ ಇಳಿಜಾರು ಮತ್ತು ಏರು ಕೂಡುವ ಕೋನದಲ್ಲೇ ಮುಂದಿನ ಬಂಪರ್ ತಾಗುವುದು. ಸಾಲದ್ದಕ್ಕೆ ನೀರು ಸರಿದ ಕಾಂಕ್ರೀಟಿನ ಮೇಲೆ ಪಾಚಿ ಇರುತ್ತದೆ.

ಭರತಿಯ ವೇಳೆಯನ್ನು ತಿಳಿಯಲು ಕರಾವಳಿಯಲ್ಲಿ ಒಂದು ಹಳೆಯ ಲೆಕ್ಕವಿದೆ: ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿದರೆ ಸುಮಾರಾಗಿ ಭರತಿಯ ಗಂಟೆ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಹನ್ನೆರಡರ ಹೊತ್ತಿಗೆ ತುಂಬುವ ನೀರು ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತ ಹೋಗುವುದರಿಂದ ಈ ಲೆಕ್ಕ ಹುಟ್ಟಿದೆ. ನೀವು ದಾಟುವುದು ಸಂಕಷ್ಟಿಯ ಮರುದಿನ, ಅಂದರೆ ಪಂಚಮಿ. ಐದರ ಮುಕ್ಕಾಲು ಮೂರೂ ಮುಕ್ಕಾಲು. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಪೂರ್ತಿ ಭರತಿಯಾದರೆ, ಅದಕ್ಕೆ ಆರು ಗಂಟೆ ಮೊದಲು, ಬೆಳಗಿನ ಹತ್ತರ ಸುಮಾರಿಗೆ, ಪೂರ್ತಿ ಇಳಿತ. ತಿಂಡಿ ಮುಗಿಸಿ ಹತ್ತಕ್ಕೆ ಧಕ್ಕೆ ತಲುಪುವವರು ಸರಿಯಾಗಿ ಕೆಟ್ಟ ಹೊತ್ತಿಗೇ ತಲುಪುತ್ತಾರೆ. ನೀವು ಗಣಪತಿಪುಳೆಯಲ್ಲೇ ಊಟ ಮುಗಿಸಿ ಒಂದೂವರೆಯ ಮೇಲೆ ಜಯಗಡಕ್ಕೆ ಬನ್ನಿ. ಇದು ಅಂದಾಜಿನ ಲೆಕ್ಕವಾದ್ದರಿಂದ ಹೊರಡುವ ಮುನ್ನ ರತ್ನಾಗಿರಿಯ ಭರತಿ-ಇಳಿತದ ಪಟ್ಟಿಯೊಂದಿಗೆ ತಾಳೆ ನೋಡಿಕೊಳ್ಳಿ.

ಹತ್ತಿಸುವಾಗ ಚಾಲಕನ ಹೊರತು ಎಲ್ಲರೂ ಮೊದಲೇ ಇಳಿದು ನಡೆದು ಹೋಗಲಿ. ಭಾರ ಕಡಿಮೆಯಾದಷ್ಟೂ ಕಾರಿನ ತಳ ಎತ್ತರವಾಗುತ್ತದೆ. ಮೊದಲನೆಯ ಗೇರಿನಲ್ಲಿ ನಿಧಾನವಾಗಿ, ಎಲ್ಲಿಯೂ ನಿಲ್ಲಿಸದೆ ಏರಿಸಿ. ಒಂದೇ ಕಡೆ ಹಲಗೆಯಿರುವ ದೋಣಿ ಬಂದರೆ ಹತ್ತುವಾಗಲೋ ಇಳಿಯುವಾಗಲೋ ಹಿಮ್ಮುಖವಾಗಿ ಚಲಿಸಬೇಕಾಗುತ್ತದೆ. ಆಗ ಕನ್ನಡಿಗಿಂತ ದೋಣಿಯ ಹುಡುಗನ ಕೈಸನ್ನೆಯನ್ನು ನಂಬಿ. ಒಳಗೆ ನಿಂತ ಮೇಲೆ ಎಂಜಿನ್ ಆರಿಸಿ, ಗೇರಿನಲ್ಲೇ ಬಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸುವುದರಿಂದ ಆಮೇಲೆ ಬಾಗಿಲು ತೆರೆಯಲು ಜಾಗವಿರದು. ವಯಸ್ಸಾದವರನ್ನು ಮೊದಲೇ ಇಳಿಸಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಅಂದ ಹಾಗೆ, ಅಲ್ಲಿ ಈ ದೋಣಿಯನ್ನು ‘ಜಂಗಲ್ ಜೆಟ್ಟಿ’ ಎಂದು ಕರೆಯುವುದನ್ನು ಕೇಳಿದರೆ ಕಾಡನ್ನು ಹುಡುಕಬೇಡಿ. ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ್ದನ್ನು ನಮ್ಮ ಕರಾವಳಿಯಲ್ಲಿಯೂ ಜಂಗಲ್ ಎನ್ನುತ್ತಿದ್ದರು, ಕೇರಳದವರು ಜಂಕಾರ್ ಎನ್ನುತ್ತಾರೆ.

ಸೇತುವೆಯ ಪಕ್ಷದವನು

ಎಲ್ಲರೂ ದೋಣಿಯನ್ನೇ ಹೊಗಳುತ್ತಿರುವುದರಿಂದ ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ದೋಣಿ ತಪ್ಪಿದರೆ ಚಿಪಳೂಣವೇ ಗತಿ ಎಂಬ ಎಣಿಕೆ ತಪ್ಪು. ಖಾರಿಯ ಮೇಲ್ಭಾಗದಲ್ಲಿ ರಾಯಿ–ಭಾತಗಾವ ಸೇತುವೆಯಿದ್ದು, ಅದನ್ನು ದಾಟಿ ಆಬಲೋಲಿಯ ಕಡೆಯಿಂದ ಗುಹಾಗರ ಸೇರಬಹುದು. ಇಕ್ಕಟ್ಟಾದ, ತಿರುವುಗಳ ರಸ್ತೆ. ಕತ್ತಲಾದ ಮೇಲೆ ಹಿತವಲ್ಲ. ಆದರೂ ಗಾಳಿ ಜೋರಾಗಿ ದೋಣಿ ನಿಂತಾಗ ಅಥವಾ ಧಕ್ಕೆಯಲ್ಲಿ ವಾರಾಂತ್ಯದ ಸಾಲು ಬೆಳೆದಾಗ ಹಿಂದಿರುಗಲು ಹೀಗೊಂದು ದಾರಿಯಿದೆ ಎಂಬುದು ತಲೆಯಲ್ಲಿರಲಿ. ಸಂಕಷ್ಟಿಗೆ ಬಂದ ಭಕ್ತರಲ್ಲಿ ಎಷ್ಟೋ ಮಂದಿ ಮರುದಿನ ನಿಮ್ಮಂತೆಯೇ ಖಾರಿ ದಾಟಿ ಹೇದವಿಯ ದಶಭುಜ ಗಣಪತಿಯನ್ನು ನೋಡಲು ಹೊರಡುತ್ತಾರೆ. ರೇವಸ್–ರೆಡ್ಡಿ ಕರಾವಳಿ ಹೆದ್ದಾರಿಯ ಯೋಜನೆಯಲ್ಲಿ ಈ ಖಾರಿಗಳಿಗೆಲ್ಲ ಸೇತುವೆ ಕಟ್ಟುವುದು ಸೇರಿದೆ. ಸಿಗಂದೂರಿನ ಲಾಂಚಿನಲ್ಲಿ ಕಾರು ಹತ್ತಿಸಲು ಗಂಟೆಗಟ್ಟಲೆ ಕಾದ ನನ್ನಂಥವರಿಗೆ, 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆದಾಗ ಆದ ಸಮಾಧಾನ ಸಣ್ಣದಲ್ಲ.

ಅಘನಾಶಿನಿ ದಂಡೆಯವಳು

ಭಾತಗಾವದ ದಾರಿಯನ್ನು ನೆನಪಿಸಿದ್ದು ಒಳ್ಳೆಯದಾಯಿತು. ಒಂದು ಮಾತು ಸೇರಿಸುತ್ತೇನೆ: ಭರತಿಗೆ ಹೊಂದಿಸಿಕೊಂಡು ದಾಟಿದರೆ ಇನ್ನೊಂದು ಲಾಭವೂ ಇದೆ. ಹೇದವಿಯ ಸಮುದ್ರದಂಡೆಯಲ್ಲಿ, ಉಮಾಮಹೇಶ್ವರ ಗುಡಿಯ ಬಳಿ, ಬಾಮಣಘಳ ಎಂಬ ಬಂಡೆಯ ಕಿರಿದಾದ ಸೀಳು ಇದೆ. ನೀರು ತುಂಬಿದ ಹೊತ್ತಿನಲ್ಲಿ ಅಲೆ ಅದರೊಳಗೆ ನುಗ್ಗಿ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಬೆಳಗ್ಗೆ ಹೋದವರಿಗೆ ಬರೀ ಕಲ್ಲು ಕಾಣುತ್ತದೆ.

ಬೆಳಗಾವಿಯ ಓದುಗ

ಹೋಗಿ ಬಂದೆವು, ಎಲ್ಲರಿಗೂ ಕೃತಜ್ಞತೆಗಳು. ಪಂಚಮಿಯಂದು ಒಂದೂ ಮುಕ್ಕಾಲಿಗೆ ಜಯಗಡದ ಧಕ್ಕೆ ತಲುಪಿದಾಗ ನಮ್ಮ ಮುಂದೆ ಏಳು ಕಾರುಗಳಿದ್ದವು, ಮೊದಲ ದೋಣಿಯಲ್ಲಿ ನಮಗೆ ಜಾಗ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಬಂಪರ್ ಎಲ್ಲಿಯೂ ತಾಗಲಿಲ್ಲ. ಇಳಿಯುವಾಗ ಮಾತ್ರ ಹಿಮ್ಮುಖವಾಗಿ ಬರಬೇಕಾಯಿತು, ನನಗೆ ಬೆವರಿಳಿದದ್ದು ಆ ಒಂದು ನಿಮಿಷವೇ. ಮೂರೂವರೆಗೆ ಹೇದವಿಯಲ್ಲಿದ್ದೆವು, ಬಾಮಣಘಳದ ತುಂತುರಿಗೆ ಕನ್ನಡಕ ಒದ್ದೆಯಾಯಿತು.

ತಾಯಿಯವರ ಬಗ್ಗೆ ನಾನು ಪಟ್ಟ ಆತಂಕವೆಲ್ಲ ವ್ಯರ್ಥ. ಅವರ ತವರು ಕಾರವಾರ. ಕಾಳಿ ನದಿಗೆ ಸೇತುವೆಯಾಗುವ ಮೊದಲು ಸದಾಶಿವಗಡಕ್ಕೆ ನೀರಿನ ಮೇಲೆಯೇ ಹೋಗಿಬರುತ್ತಿದ್ದವರು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಕುರ್ಚಿ ಕೊಟ್ಟರೂ ಕೂರದೆ, ಕಟಕಟೆ ಹಿಡಿದು ನಿಂತು, ಆಚೆ ದಡ ಬರುವವರೆಗೂ ದೋಣಿಯವನಿಗೆ ಕೊಂಕಣಿಯಲ್ಲಿ ಪ್ರಶ್ನೆ ಕೇಳುತ್ತಲೇ ಇದ್ದರು. ಅವನು ಮರಾಠಿಯಲ್ಲಿ ಉತ್ತರಿಸುತ್ತಿದ್ದ. ಹಿಂದಿರುಗುವಾಗಲೂ ಸೇತುವೆ ಬೇಡ, ಜಂಗಲ್ಲೇ ಇರಲಿ ಎಂದರು. ಆ ದಿನ ಭರತಿ ಐದೂಕಾಲಿಗೆ ಎಂದು ಲೆಕ್ಕ ಹಾಕಿ ಹೇಳಿದ್ದೂ ಅವರೇ.