ಟಿಜಿಎಯಲ್ಲಿ (ಬಿಸಿ ಮಾಡುತ್ತಾ ತೂಕದ ಇಳಿತ ಅಳೆಯುವ ಪರೀಕ್ಷೆ) ಕಾರ್ಬನ್ ಬ್ಲ್ಯಾಕ್ (ಪ್ಲಾಸ್ಟಿಕ್‌ಗೆ ಬೆರೆಸುವ ಕಪ್ಪು ಇಂಗಾಲದ ಪುಡಿ) ಯಾವಾಗಲೂ ಕಡಿಮೆ ಬರುತ್ತಿದೆ, ಕ್ಯಾಲಿಬ್ರೇಶನ್ ಮಾತ್ರ ಪಾಸ್

ಪ್ರಶ್ನೆ:
ಕಪ್ಪು ಪಾಲಿಎಥಿಲೀನ್ ಕಂಟ್ರೋಲ್ ಸ್ಯಾಂಪಲ್‌ನಲ್ಲಿ ಶೇ 2.3 ಕಾರ್ಬನ್ ಬ್ಲ್ಯಾಕ್ ಬರಬೇಕು. 1.6ರಿಂದ 1.9ರ ನಡುವೆ ಓಡಾಡುತ್ತಿದೆ. 10 ಮಿ.ಗ್ರಾಂ ಸ್ಯಾಂಪಲ್, ಪ್ಲಾಟಿನಂ ಪ್ಯಾನ್. ನೈಟ್ರೋಜನ್‌ನಲ್ಲಿ ನಿಮಿಷಕ್ಕೆ 20 ಡಿಗ್ರಿಯಂತೆ 600 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಲ್ಲೇ 10 ನಿಮಿಷ, ಆಮೇಲೆ ಗಾಳಿಗೆ ಬದಲಿಸಿ 800ರವರೆಗೆ. ಗಾಳಿಯಲ್ಲಿ ಸುಟ್ಟು ಇಳಿಯುವ ತೂಕವನ್ನೇ ಕಾರ್ಬನ್ ಬ್ಲ್ಯಾಕ್ ಎಂದು ಲೆಕ್ಕ ಹಾಕುತ್ತೇವೆ. ಕ್ಯಾಲಿಬ್ರೇಶನ್‌ಗೆ ಕ್ಯಾಲ್ಸಿಯಂ ಆಕ್ಸಲೇಟ್ (ಎಷ್ಟು ತೂಕ ಇಳಿಯಬೇಕೆಂದು ಮೊದಲೇ ಗೊತ್ತಿರುವ ವಸ್ತು) ಹಾಕಿ ನೋಡಿದರೆ ಎಲ್ಲ ಸರಿಯಾಗಿದೆ.

ಉತ್ತರ 1:
600ರಲ್ಲಿ ನಿಂತಿರುವ ಆ 10 ನಿಮಿಷ ತೂಕದ ರೇಖೆ ಮಟ್ಟಸವಾಗಿದೆಯೇ, ಇಳಿಯುತ್ತಿದೆಯೇ?

ಪ್ರಶ್ನೆ ಕೇಳಿದವರು:
ನಿಧಾನವಾಗಿ ಇಳಿಯುತ್ತಲೇ ಇದೆ ಸರ್.

ಉತ್ತರ 1:
ಹಾಗಾದರೆ ಒಳಗೆ ಆಮ್ಲಜನಕ ಸೇರುತ್ತಿದೆ. ಗಾಳಿ ಬಿಡುವ ಮೊದಲೇ ಕಾರ್ಬನ್ ಸುಡುತ್ತಿದೆ. 10 ಮಿ.ಗ್ರಾಂನಲ್ಲಿ ಇರುವ ಕಾರ್ಬನ್ ಬರೀ 0.23 ಮಿ.ಗ್ರಾಂ. ಅದರಲ್ಲಿ 0.05 ಸುಟ್ಟುಹೋದರೂ ಉತ್ತರ 1.8ಕ್ಕೆ ಇಳಿಯುತ್ತದೆ. ಆಕ್ಸಲೇಟ್ ಇದನ್ನು ಹಿಡಿಯುವುದಿಲ್ಲ. ಅದರ ಶೇ 12.3, 19.2, 30.1ರ ಮೂರು ಇಳಿತಗಳ ತೂಕ ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಅಷ್ಟೇ ಇರುತ್ತದೆ. ಆ ಪರೀಕ್ಷೆಯೊಂದನ್ನೇ ನಂಬಿ ಯಂತ್ರ ಸರಿಯಿದೆ ಎಂದು ಬರೆಯಬೇಡಿ.

ಲೀಕ್ ಎಲ್ಲಿದೆ ಎಂದು ಹುಡುಕಲು, ಪ್ಯಾನ್‌ಗೆ ಬರೀ ಕಾರ್ಬನ್ ಬ್ಲ್ಯಾಕ್ ಹಾಕಿ ನೈಟ್ರೋಜನ್‌ನಲ್ಲಿ 600ಕ್ಕೆ ಏರಿಸಿ. ಮೊದಲು ಅದರ ತೇವ, ಹಗುರ ಅಂಶಗಳೆಲ್ಲ ಹೋಗಲಿ, ಆಮೇಲೆ ಇಳಿತದ ವೇಗ ಬರೆದುಕೊಂಡು ಪರ್ಜ್ (ಫರ್ನೇಸ್ ಒಳಗೆ ಹಾಯಿಸುವ ನೈಟ್ರೋಜನ್) ಹರಿವನ್ನು ದುಪ್ಪಟ್ಟು ಮಾಡಿ. ಇಳಿತ ನಿಧಾನವಾದರೆ ಹೊರಗಿನ ಗಾಳಿ ಫರ್ನೇಸ್ ಸೀಲ್ ಅಥವಾ ಓ-ರಿಂಗ್ ಮೂಲಕ ನುಸುಳುತ್ತಿದೆ. ಜೋರಾದರೆ ಆಮ್ಲಜನಕ ಗ್ಯಾಸ್ ಜೊತೆಗೇ ಬರುತ್ತಿದೆ ಎಂದರ್ಥ. ಆಗ ಸಿಲಿಂಡರ್, ರೆಗ್ಯುಲೇಟರ್, ಪೈಪು ನೋಡಿ. ಸಿಲಿಕೋನ್ ಟ್ಯೂಬ್ ಇದ್ದರೆ ತೆಗೆದು ಸ್ಟೀಲ್ ಅಥವಾ ತಾಮ್ರದ್ದು ಹಾಕಿ, ಸಿಲಿಕೋನ್ ಗೋಡೆಯ ಮೂಲಕವೇ ಆಮ್ಲಜನಕ ಒಳಬರುತ್ತದೆ.

ಉತ್ತರ 2:
ಗ್ಯಾಸ್ ಬದಲಿಸುವ ವಾಲ್ವ್ ಮರೆಯಬೇಡಿ. ಗಾಳಿಯ ಸಿಲಿಂಡರನ್ನು ಪೂರ್ತಿ ಮುಚ್ಚಿ, ಲೈನಿನ ಒತ್ತಡ ಬಿಟ್ಟು, ಅದೇ ಪರೀಕ್ಷೆ ಮತ್ತೆ ಮಾಡಿ. ಇಳಿತ ನಿಂತರೆ ವಾಲ್ವೇ ಸೋರುತ್ತಿದೆ. ಬ್ಯಾಲೆನ್ಸ್ ಚೇಂಬರ್‌ಗೆ (ತಕ್ಕಡಿ ಇರುವ ಭಾಗ) ಮಾತ್ರ ಕೊನೆಯವರೆಗೂ ನೈಟ್ರೋಜನ್ನೇ ಹರಿಯಬೇಕು.

ಪ್ರಶ್ನೆ ಕೇಳಿದವರು:
ಹರಿವು ಹೆಚ್ಚಿಸಿದಾಗ ಇಳಿತ ನಿಧಾನವಾಯಿತು. ಓ-ರಿಂಗ್ ಗಟ್ಟಿಯಾಗಿ ಸೀಳಿತ್ತು, ಬದಲಿಸಿದ ಮೇಲೆ ರೇಖೆ ಮಟ್ಟಸವಾಗಿದೆ. ಈಗ 2.2, ಕೆಲವೊಮ್ಮೆ 2.4.

ಉತ್ತರ 2:
ಉಳಿದ ಏರುಪೇರಿಗೆ ಸ್ಯಾಂಪಲ್ ಕಡಿಮೆಯಾಗಿರುವುದೇ ಮುಖ್ಯ ಕಾರಣ ಅನಿಸುತ್ತದೆ. 20ರಿಂದ 25 ಮಿ.ಗ್ರಾಂ ತೆಗೆದುಕೊಳ್ಳಿ, ಒಂದೇ ಪ್ಲಾಸ್ಟಿಕ್ ಹರಳಿನಿಂದಲ್ಲ, ಹಲವು ಹರಳುಗಳಿಂದ ಸಣ್ಣ ಚೂರು ಕತ್ತರಿಸಿ. ಫರ್ನೇಸ್ ಮುಚ್ಚಿದ ಮೇಲೆ 15-20 ನಿಮಿಷ ಪರ್ಜ್ ಆಗದೆ ಬಿಸಿ ಶುರು ಮಾಡಬೇಡಿ. ಖಾಲಿ ಪ್ಯಾನ್‌ನ ಬ್ಲ್ಯಾಂಕ್ ಅದೇ ಪ್ರೋಗ್ರಾಂ, ಅದೇ ಹರಿವಿನಲ್ಲಿ ತೆಗೆದು ಕಳೆಯಿರಿ. ಬಿಸಿಯಾದಂತೆ ಗ್ಯಾಸ್ ಹಗುರಾಗಿ ಪ್ಯಾನ್ ಸುಳ್ಳು ತೂಕ ತೋರಿಸುತ್ತದೆ.

ಉತ್ತರ 1:
ಇನ್ನೊಂದು ಮಾತು: ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಮಾಲಿಗೆ ಈ 800ರ ಪ್ರೋಗ್ರಾಂ ಹಾಗೆಯೇ ಹಾಕಬೇಡಿ. ಅದು ತನ್ನ ತೂಕದ ಶೇ 44 ಕಾರ್ಬನ್ ಡೈಆಕ್ಸೈಡ್ ಆಗಿ ಬಿಡುತ್ತದೆ, ಆ ಇಳಿತವೂ ಕಾರ್ಬನ್ ಬ್ಲ್ಯಾಕ್ ಲೆಕ್ಕಕ್ಕೆ ಸೇರಿಬಿಡುತ್ತದೆ.