ಮರ ಕಡಿದ ಜಾಗದಲ್ಲಿ ಹುಲ್ಲುಗಾವಲು: ಈ ಮಳೆಗೇ ಬಿತ್ತಬಹುದೇ?

ಪ್ರಶ್ನೆ

ಮೂರು ಎಕರೆ, ಸ್ವಲ್ಪ ಇಳಿಜಾರು. ಮರ ಸಾಗಿಸಿ ಆಗಿದೆ, ಬೊಡ್ಡೆಗಳು ಹಾಗೇ ಇವೆ, ರೆಂಬೆ ಅಲ್ಲಲ್ಲಿ ಗುಡ್ಡೆ ಬಿದ್ದಿದೆ. ಮಣ್ಣಿನ ಪಿಎಚ್ 4.9, ಅಂದರೆ ಹುಳಿ ಮಣ್ಣು. ದನ ಮೇಯಲು ಹುಲ್ಲು, ದ್ವಿದಳ ಮೇವು ಬೆರೆಸಿ ಹಾಕಬೇಕು. ಬೊಡ್ಡೆ ಕೀಳಿಸಿ ಉಳುವುದೋ, ಮೇಲೆಯೇ ಬೀಜ ಎರಚುವುದೋ?

ಉತ್ತರ 1

ಬೊಡ್ಡೆಗಿಂತ ಮೊದಲು ಮಣ್ಣಿನ ಹುಳಿ ತಗ್ಗಿಸುವ ಸುಣ್ಣದ ಮಾತು. ಪಿಎಚ್ 5ಕ್ಕಿಂತ ಕೆಳಗಿದ್ದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ಗಾಳಿಯ ಸಾರಜನಕ ಹಿಡಿಯುವ ದ್ವಿದಳದ ಬೇರುಗಂಟೂ ಸರಿಯಾಗಿ ಕಟ್ಟುವುದಿಲ್ಲ. ಮೊಳಕೆ ಚೆನ್ನಾಗಿಯೇ ಬರುತ್ತದೆ, ಆಮೇಲೆ ನಿಂತಲ್ಲೇ ನಿಲ್ಲುತ್ತದೆ. ಜನ ಬೀಜವನ್ನು ಬೈಯುತ್ತಾರೆ.

ಎಷ್ಟು ಸುಣ್ಣ ಎಂಬುದು ಪಿಎಚ್ ಒಂದರಿಂದಲೇ ತಿಳಿಯುವುದಿಲ್ಲ. ಒಂದೇ ಪಿಎಚ್ ಇದ್ದರೂ ಮರಳು ಮಣ್ಣಿಗಿಂತ ಜೇಡಿಗೆ, ಎಲೆಗೊಬ್ಬರ ತುಂಬಿದ ಮಣ್ಣಿಗೆ ಹೆಚ್ಚು ಬೇಕು. ಹಾಗಾಗಿ ಪ್ರಯೋಗಾಲಯದಲ್ಲಿ ‘ಸುಣ್ಣದ ಅಗತ್ಯ’ದ ಲೆಕ್ಕವನ್ನೇ ಕೇಳಿ. ಸುಟ್ಟ ಸುಣ್ಣ ಬೇಡ, ನುಣ್ಣಗೆ ಅರೆದ ಸುಣ್ಣಕಲ್ಲಿನ ಪುಡಿ ಸಾಕು. ಮೆಗ್ನೀಸಿಯಂ ಕಡಿಮೆ ಇದ್ದರೆ ಅದೂ ಇರುವ ಸುಣ್ಣಕಲ್ಲು, ಡಾಲಮೈಟ್. ಮಣ್ಣಿನಲ್ಲಿ ತೇವವಿದ್ದರೂ ಕೆಲಸ ಮಾಡಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಉಳದೆ ಮೇಲೆ ಎರಚಿದರೆ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಇಳಿದರೆ ಹೆಚ್ಚು, ಆದ್ದರಿಂದ ಒಂದು ಸಲಕ್ಕೆ ಎಕರೆಗೆ 2 ಟನ್ ಮೀರಬೇಡಿ, ಕಂತಿನಲ್ಲಿ ಹಾಕಿ. ಅಲ್ಲಿಯವರೆಗೆ ಮಣ್ಣು ಕೊಚ್ಚದಂತೆ ಓಟ್ಸ್‌ನಂಥ ಒಂದು ಬೆಳೆ ಬಿತ್ತಿ. ಶಾಶ್ವತ ಹುಲ್ಲು ಮುಂದಿನ ಮಳೆಗೆ.

ಉತ್ತರ 2

ಇಳಿಜಾರು ಎಂದಿದ್ದೀರಿ, ಬೊಡ್ಡೆ ಕೀಳಿಸಲೇಬೇಡಿ. ಅಗಲ ಬ್ಲೇಡಿನ ಯಂತ್ರ ಬೊಡ್ಡೆಯ ಜೊತೆ ಮೇಲ್ಮಣ್ಣನ್ನೂ ಬದಿಗೆ ತಳ್ಳುತ್ತದೆ, ಕಾಡುಮಣ್ಣಿನ ಸಾರವೆಲ್ಲ ಆ ಮೇಲಿನ ಗೇಣಿನಲ್ಲೇ ಇರುವುದು. ಕೀಳಲೇಬೇಕಾದ ಕಡೆ ಹಲ್ಲಿನ ಕುಂಟೆ ಇರುವ ಯಂತ್ರ ಬಳಸಿ. ಉಳಿದವನ್ನು ನೆಲಮಟ್ಟಕ್ಕೆ ಕೊಯ್ದು ಕೊಳೆಯಲು ಬಿಡಿ. ಕೊಳೆತ ಮೇಲೆ ಆ ಜಾಗ ಕುಸಿದು ಗುಂಡಿಯಾಗುತ್ತದೆ, ದನದ ಕಾಲು ಸಿಕ್ಕಿಕೊಳ್ಳದಂತೆ ಮಣ್ಣು ತುಂಬುತ್ತಿರಬೇಕು.

ಬೊಡ್ಡೆ ಅರೆದ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ. ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ಎಳೆದುಕೊಂಡು ಹುಲ್ಲು ಹಳದಿಯಾಗುತ್ತದೆ. ರೆಂಬೆ ಸುಟ್ಟರೆ ಬೂದಿಯನ್ನು ತೆಳುವಾಗಿ ಹರಡಿ. ಬೂದಿ ಗುಡ್ಡೆಯಾಗಿ ಬಿದ್ದಲ್ಲಿ ಏನೂ ಹುಟ್ಟದು. ಚಿಗುರೊಡೆಯುವ ಬೊಡ್ಡೆಗೆ ಕಳೆನಾಶಕ ಸವರುವುದಾದರೆ ಕೊಯ್ದ ಕೂಡಲೇ ತೊಗಟೆಯ ಒಳಗಿನ ಉಂಗುರಕ್ಕೆ ಸವರಿ, ಒಣಗಿದ ಬೊಡ್ಡೆ ಹೀರುವುದಿಲ್ಲ. ಆಡು ಇದ್ದರೆ ಚಿಗುರಿನ ಚಿಂತೆ ಅರ್ಧ ಕಡಿಮೆ.

ಪ್ರಶ್ನೆ ಕೇಳಿದವರು

ಸರಿ ಸರ್, ಬೊಡ್ಡೆ ಬಿಡುತ್ತೇನೆ. ಹಾಗಾದರೆ ಬಿತ್ತನೆ ಹೇಗೆ?

ಉತ್ತರ 3

ಬೊಡ್ಡೆಗಳ ನಡುವೆ ಕುಂಟೆ ಹೊಡೆದು ಗಟ್ಟಿ ಮಾಡಿ. ನಡೆದರೆ ಹೆಜ್ಜೆ 1 ಸೆಂ.ಮೀ.ಗಿಂತ ಆಳ ಇಳಿಯಬಾರದು. ಬೀಜವೂ ಅಷ್ಟೇ ಆಳ, ಇನ್ನೂ ಕೆಳಗೆ ಹೋದರೆ ಮೇಲೆ ಬರುವಷ್ಟು ಶಕ್ತಿ ಅದಕ್ಕಿಲ್ಲ. ಹುಲ್ಲಿನ ಬೀಜ ಹಗುರ, ದ್ವಿದಳದ್ದು ಭಾರ. ಒಂದೇ ಡಬ್ಬಿಯಲ್ಲಿ ಬೆರೆಸಿದರೆ ಭಾರದ್ದು ತಳ ಸೇರುತ್ತದೆ. ಬೇರೆ ಬೇರೆಯಾಗಿ, ಒಣ ಮರಳು ಸೇರಿಸಿ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಎರಚಿ ರೋಲರ್ ಹೊಡೆಯಿರಿ.

ದ್ವಿದಳ ಮೇವಿನಲ್ಲಿ ಹುಳಿ ಮಣ್ಣಿಗೆ ಕುದುರೆಮಸಾಲೆ ಆಗದು. ಬಿಸಿ ಹವೆಯಾದರೆ ಸ್ಟೈಲೋ ತಡೆಯುತ್ತದೆ. ಅದರ ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ನೀರಿನಲ್ಲಿ 4 ನಿಮಿಷ ಅದ್ದಿ ಆರಿಸಿ, ಪೂರ್ತಿ ತಣಿದ ಮೇಲೆ ಬೇರುಗಂಟು ಕಟ್ಟಿಸುವ ರೈಜೋಬಿಯಂ ಸೂಕ್ಷ್ಮಜೀವಿಯ ಪುಡಿ ಲೇಪಿಸಿ. ಕಾಡುಮಣ್ಣಿನಲ್ಲಿ ರಂಜಕ ಬಹಳ ಸಲ ಕಡಿಮೆ, ಪರೀಕ್ಷೆ ನೋಡಿ ಬಿತ್ತನೆಗೆ ಮೊದಲೇ ಕೊಡಿ. ಯೂರಿಯಾ ಮಾತ್ರ ಆಗ ಬೇಡ, ಕಳೆಯೇ ಮೊದಲು ತಿಂದು ದ್ವಿದಳವನ್ನು ಮುಚ್ಚಿಬಿಡುತ್ತದೆ.

ದನ ಬಿಡುವ ಮೊದಲು ಹುಲ್ಲನ್ನು ಹಿಡಿದು ಜಗ್ಗಿ ನೋಡಿ. ಎಲೆ ಹರಿದರೆ ಬಿಡಬಹುದು, ಬೇರು ಸಮೇತ ಬಂದರೆ ಇನ್ನೂ ಕಾಯಬೇಕು. ಮೊದಲ ಸಲ ಅರ್ಧ ದಿನ ಮಾತ್ರ, ನೆಲ ಒಣಗಿದ್ದಾಗ, 10 ಸೆಂ.ಮೀ. ಉಳಿಸಿ ಹೊರಗೆ ಹೊಡೆಯಿರಿ.