ಸಹಾಯ ಬೇಕು: ಕುಕ್ಕೀಸ್ ಹೂವು ಕಡ್ಡಿಯಲ್ಲಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವಳು. ಈ ಯುಗಾದಿಗೆ ನಾದಿನಿಯರಿಗೆ ಮನೆಯಲ್ಲೇ ಮಾಡಿದ ಕುಕ್ಕೀಸ್ ಹೂಗುಚ್ಛ (ಹೂವಿನ ಆಕಾರದ ಬಿಸ್ಕತ್ತುಗಳನ್ನು ಕಡ್ಡಿಗೆ ಸಿಕ್ಕಿಸಿ ಮಾಡುವ ಗುಚ್ಛ) ಕೊಡಬೇಕು ಅಂತ ತುಂಬಾ ಆಸೆ. ಸೇವಂತಿಗೆ, ದಾಸವಾಳದ ಆಕಾರ ಚೆನ್ನಾಗಿಯೇ ಬರುತ್ತಿದೆ. 200 ಗ್ರಾಂ ಮೈದಾಕ್ಕೆ ಬೆಣ್ಣೆ, ಸಕ್ಕರೆ ಪುಡಿ ತಲಾ 100 ಗ್ರಾಂ. ಓವನ್‌ನಲ್ಲಿ 170 ಡಿಗ್ರಿ, 12 ನಿಮಿಷ. ಬೇಯಿಸುವ ಮೊದಲೇ ಕಡ್ಡಿ ಚುಚ್ಚುತ್ತೇನೆ. ಆದರೂ ಎತ್ತಿ ನಿಲ್ಲಿಸಿದರೆ ಹೂವು ಜಾರಿ ಬೀಳುತ್ತದೆ. ಹಿಟ್ಟನ್ನು ಕಾಲು ಇಂಚು ದಪ್ಪ ಲಟ್ಟಿಸುತ್ತೇನೆ, ಇನ್ನೂ ಜಾಸ್ತಿ ಬೇಕಾ?

ಇನ್ನೊಂದು, ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವ ಜಾಸ್ತಿ ಅಲ್ವಾ, ಕುಕ್ಕೀಸ್ ಮೇಲೆ ಹಚ್ಚುವ ಸಕ್ಕರೆ ಐಸಿಂಗ್ ರಾತ್ರಿಯಿಡೀ ಇಟ್ಟರೂ ಕೈಗೆ ಅಂಟುತ್ತದೆ. ಅತ್ತೆಯೂ ತಿನ್ನುವುದರಿಂದ ಮೊಟ್ಟೆ ಹಾಕುವಂತಿಲ್ಲ. ಬಣ್ಣಕ್ಕೆ ಬೀಟ್‌ರೂಟ್ ರಸ ಹಾಕಿದ್ದೆ, ಅದರಿಂದ ನೀರಾಯಿತಾ? ಶಿವಮೊಗ್ಗದಲ್ಲಿ ಉದ್ದನೆಯ, ಓವನ್‌ಗೆ ಇಡಬಹುದಾದ ಕಡ್ಡಿ ಎಲ್ಲಿ ಸಿಗುತ್ತದೆ? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.